ಮಾದರಿಗೆ ತೆಗೆದ ಎಲುಬು

ಮೊರಬ
4 ಆಗಸ್ಟ್ 2025

ಕುಬೇರಣ್ಣನಿಗೆ,

ಶರಣು ಹೇಳುವ ಮನಸ್ಸಿಲ್ಲ. ಆದರೂ ನೀನು ದೊಡ್ಡವನು, ಒಂದು ಶರಣು ಇಟ್ಟುಕೋ.

ಪಂಚಮಿ ಬಂತು, ಹೋಯಿತು. ನೀನು ಬರಲಿಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಒಂದು ಪಂಚಮಿಗೂ ಕರೆಯಲು ಬರುವುದನ್ನು ತಪ್ಪಿಸಿದವನಲ್ಲ ನೀನು. ಕೊರೋನಾ ವರ್ಷದಲ್ಲೂ ಪೊಲೀಸರ ಕಣ್ಣು ತಪ್ಪಿಸಿ, ಹೊಲದ ದಾರಿ ಹಿಡಿದು ಬೈಕ್ ಮೇಲೆ ಬಂದಿದ್ದೆ. ಈ ಸಲ ನಾನು ಚೀಲ ಕಟ್ಟಿ, ತಲೆ ಬಾಚಿಕೊಂಡು, ಕಟ್ಟೆಯ ಮೇಲೆ ಕುಳಿತದ್ದೇ ಬಂತು. ಓಣಿಯ ಹೆಣ್ಣುಮಕ್ಕಳೆಲ್ಲ ಅಣ್ಣತಮ್ಮಂದಿರ ಹಿಂದೆ ಗಾಡಿ ಹತ್ತಿ ತವರಿಗೆ ಹೋದರು. ಬಾಜೂ ಮನೆಯ ಮುದುಕಿ ಹೋಗುವಾಗೊಮ್ಮೆ ಬರುವಾಗೊಮ್ಮೆ, "ಯಾಕ ಗಂಗವ್ವಾ, ಅಣ್ಣ ಇನ್ನೂ ಬರ್ಲಿಲ್ಲೇನ?" ಎಂದು ಕೇಳಿದಳು. "ಗಾಡಿ ಕೆಟ್ಟೈತಂತ" ಎಂದು ಸುಳ್ಳು ಹೇಳಿ ನಿನ್ನ ಮಾನ ಕಾಯ್ದೆ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ನಿನ್ನ ಹೆಂಡತಿ, ನಮ್ಮ ವೈನಿ ಎತ್ತುತ್ತಾಳೆ. "ಹೊಲಕ್ಕ ಹೋಗ್ಯಾರ" ಅನ್ನುತ್ತಾಳೆ, ಇಲ್ಲವೇ "ಮಲಗ್ಯಾರ" ಅನ್ನುತ್ತಾಳೆ. ಹೊಲಕ್ಕೆ ಹೋದವನು ಅಲ್ಲೇ ಬೇರು ಬಿಟ್ಟೆಯೋ ಹೇಗೆ? ಅದಕ್ಕೇ ಈ ಪತ್ರ. ನಮ್ಮ ಮನೆಯಲ್ಲಿ ಫೋನ್ ಬಂದರೆ ಸ್ಪೀಕರ್ ಹಾಕಿ ಮನೆ ಮಂದಿಯೆಲ್ಲ ಸುತ್ತ ಕೂರುತ್ತಾರೆ. ಅದೂ ಅಲ್ಲದೆ ಬಾಯಲ್ಲಿ ಆಡಿದ್ದನ್ನು ನಾಳೆ ಆಡಿಲ್ಲ ಅಂದುಬಿಡಬಹುದು. ನೀನು ಬರೆದುಕೊಟ್ಟರೆ ನನ್ನ ಹತ್ತಿರ ಇರುತ್ತದೆ. ಯಾಕೆ ಬರಲಿಲ್ಲ ಎಂದು ಬರೆ.

ಇನ್ನೊಂದು ಮಾತು. ನನಗೆ ಸ್ವಲ್ಪ ದಣಿವು. ನವಲಗುಂದದ ಡಾಕ್ಟರ್ ರಕ್ತ ನೋಡಿ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಚೀಟಿ ಬರೆದರು. ಅಲ್ಲಿಯವರು ರಕ್ತದಲ್ಲಿ ಎಲ್ಲ ಬಗೆಯ ಕಣಗಳೂ ಕಡಿಮೆ ಇವೆ, ಸೊಂಟದ ಎಲುಬಿಗೆ ಸೂಜಿ ಹಾಕಿ ಒಳಗಿನ ಮಜ್ಜೆ ತೆಗೆದು ನೋಡಬೇಕು ಎಂದರು. "ಬರೇ ಮಾದರಿಗೆ ಒಂದೀಟ ರೀ" ಎಂದಳು ನರ್ಸು. ಮಾದರಿ ಎಂದ ಕೂಡಲೇ ನಾನು ಚಪ್ಪಲಿ ಮೆಟ್ಟಿದೆ. ಹೆಸರುಕಾಳಿನ ಚೀಲ ದಲಾಲಿ ಅಂಗಡಿಗೆ ಒಯ್ದಾಗ ಏನು ಮಾಡುತ್ತಾರೆ? ಟೊಳ್ಳು ಕಬ್ಬಿಣ ಚೀಲಕ್ಕೆ ತಿವಿದು ಮಾದರಿ ಎಂದು ಹಿಡಿ ಕಾಳು ಎಳೆಯುತ್ತಾರೆ. ಬಂದ ಖರೀದಿದಾರರೆಲ್ಲ ತಿವಿಯುತ್ತಾರೆ. ಆ ಕಾಳು ಚೀಲಕ್ಕೆ ವಾಪಸ್ ಬಂದದ್ದನ್ನು ಎಂದಾದರೂ ಕಂಡಿದ್ದೀಯಾ? ಸಂಜೆಗೆ ಅಂಗಡಿಯ ಮೂಲೆಯಲ್ಲಿ ಮಾದರಿ ಕಾಳಿನದೇ ಒಂದು ರಾಶಿ ಬಿದ್ದಿರುತ್ತದೆ. ದವಾಖಾನೆಯ ಮೂಲೆಯಲ್ಲಿ ಯಾವ ರಾಶಿ ಇದೆಯೋ ಯಾರಿಗೆ ಗೊತ್ತು. ನಾನಂತೂ ಮಾಡಿಸುವುದಿಲ್ಲ.

ನಿನ್ನ ತಂಗಿ
ಶಿವಗಂಗವ್ವ


ತಂಬೂರ
11 ಆಗಸ್ಟ್ 2025

ತಂಗಿ ಶಿವಗಂಗವ್ವಳಿಗೆ ಅಣ್ಣನ ಆಶೀರ್ವಾದ.

ನಿನ್ನ ಬೈಗುಳ ಒಂದೂ ಚೆಲ್ಲದೆ ಬಂದು ಮುಟ್ಟಿತು. ದಾನೇಶ್ವರಿಗೂ ಓದಿ ಹೇಳಿದೆ. ಹೊಲದಲ್ಲಿ ಬೇರು ಬಿಟ್ಟ ಮಾತಿಗೆ ನಿನ್ನ ವೈನಿ ನಕ್ಕಳು, ಆಮೇಲೆ ಎದ್ದು ಒಳಗೆ ಹೋದಳು.

ಪಂಚಮಿಗೆ ಬರಲಿಲ್ಲ, ತಪ್ಪಾಯಿತು. ಇಲ್ಲಿ ಮಳೆ ಹಿಡಿದುಕೊಂಡಿತ್ತು, ಗದ್ದೆಯ ಒಡ್ಡು ಒಡೆದಿತ್ತು. ಗಾಡಿಯೂ ಕೆಟ್ಟಿತ್ತು, ನೀನು ಮುದುಕಿಗೆ ಹೇಳಿದ್ದು ಸುಳ್ಳಲ್ಲ ಎಂದೇ ತಿಳಿ.

ಅದಿರಲಿ. ಅಷ್ಟು ಬೈದು ಕೊನೆಗೆ ನಿನ್ನ ಮೈಯ ವಿಷಯ ಬರೆದಿದ್ದೀಯಲ್ಲ, ಅದನ್ನು ಮತ್ತೆ ಮತ್ತೆ ಓದಿದೆ. ಸ್ವಲ್ಪ ದಣಿವು ಎಂದರೆ ಎಷ್ಟು? ಕೊಡ ಹೊತ್ತು ನಡೆದರೆ ಏದುಸಿರು ಬರುತ್ತದೆಯೇ? ಹಲ್ಲು ತಿಕ್ಕುವಾಗ ಒಸಡಿನಿಂದ ರಕ್ತ ಬರುತ್ತದೆಯೇ? ಪೆಟ್ಟು ಬೀಳದೆ ಮೈಮೇಲೆ ನೀಲಿ ಕಲೆ ಏಳುತ್ತವೆಯೇ? ಸರಿಯಾಗಿ ನೋಡಿ ಬರೆ. ನಿನ್ನ ಅಕ್ಷರ ನೋಡಿ ನನಗೆ ಹೆದರಿಕೆಯಾಯಿತು. ಶಾಲೆಯಲ್ಲಿ ನಿನ್ನ ಪಾಟಿಯನ್ನು ಮಾಸ್ತರರು ಎಲ್ಲರಿಗೂ ಎತ್ತಿ ತೋರಿಸುತ್ತಿದ್ದರು. ಈಗ ಅಕ್ಷರಗಳು ಸಾಲು ಬಿಟ್ಟು ಕೆಳಗೆ ಇಳಿದಿವೆ.

ಆ ಪರೀಕ್ಷೆ ಮಾಡಿಸು. ರಕ್ತ ಹುಟ್ಟುವುದೇ ಎಲುಬಿನ ಒಳಗೆ. ಬಾವಿಯಲ್ಲಿ ನೀರು ಕಡಿಮೆಯಾದರೆ ಕೊಡ ತಿರುವಿ ನೋಡಿ ಏನು ಬಂತು, ಸೆಲೆ ನೋಡಬೇಕಲ್ಲ. ಅವರು ತೆಗೆಯುವುದು ಒಂದು ಚಮಚೆಯಷ್ಟು ನೀರುನೀರಾದ ಮಜ್ಜೆ, ಊದಿನಕಡ್ಡಿಯ ತುದಿಯಷ್ಟು ಎಲುಬಿನ ಚೂರು. ಅದನ್ನು ನಿನ್ನ ಕಣ್ಣೆದುರಿಗೇ ಗಾಜಿನ ಪಟ್ಟಿಯ ಮೇಲೆ ಸವರುತ್ತಾರೆ. ರಾಶಿ ಹಾಕುವಷ್ಟು ಅಲ್ಲಿ ಏನೂ ಇರುವುದಿಲ್ಲ. ತೆಗೆದಷ್ಟನ್ನು ಮೈ ತಾನೇ ಮತ್ತೆ ತುಂಬಿಕೊಳ್ಳುತ್ತದೆ.

ಹಟ ಮಾಡಬೇಡ, ಗಂಗವ್ವಾ. ನಿನ್ನ ಗಂಡ ಸಂಗನಬಸವನನ್ನು ಜೊತೆಗೆ ಕರೆದುಕೊಂಡು ಹೋಗು.

ಅಣ್ಣ
ಕುಬೇರಪ್ಪ


ಮೊರಬ
18 ಆಗಸ್ಟ್ 2025

ಅಣ್ಣಾ,

ನನ್ನ ಅಕ್ಷರಕ್ಕೆ ನಗುತ್ತೀಯಾ? ನಗು. ಬೆರಳುಗಳು ಜುಮ್ಮೆನ್ನುತ್ತವೆ, ಪೆನ್ನು ಹಿಡಿದದ್ದೇ ತಿಳಿಯುವುದಿಲ್ಲ. ಅದು ಹೊಲದಲ್ಲಿ ಹೆಸರಿನ ಕಾಯಿ ಬಿಡಿಸಿದ್ದಕ್ಕೆ ಆದದ್ದು. ರೋಗ ಗೀಗ ಏನಿಲ್ಲ.

ಈಗ ನಿನ್ನ ಲೆಕ್ಕಕ್ಕೆ ಬರುತ್ತೇನೆ. ಒಡ್ಡು ಒಡೆದಿತ್ತು, ಗಾಡಿ ಕೆಟ್ಟಿತ್ತು, ಮಳೆ ಹಿಡಿದಿತ್ತು. ಒಂದು ಕಾರಣ ಹೇಳಿದ್ದರೆ ನಂಬುತ್ತಿದ್ದೆ, ನೀನು ಒಂದರ ಹಿಂದೆ ಒಂದು ಹೇಳಿದ್ದೀ. ನಮ್ಮವರು ಹೆಸರು ಮಾರಲು ಅಣ್ಣಿಗೇರಿಗೆ ಹೋದಾಗ ನಿಮ್ಮೂರಿನ ರಾಮಪ್ಪ ಸಿಕ್ಕಿದ್ದನಂತೆ. "ನಿಮ್ಮ ಕುಬೇರಪ್ಪನವರು ಪಂಚಮಿ ಹಿಂದಿನ ದಿವಸ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ್ಯಾಗ ಕುಂತಿದ್ರಲ್ರೀ, ಬಿಳೇ ಅಂಗಿ ಹಾಕ್ಕೊಂಡು, ಕೈಚೀಲಾ ತೊಡಿ ಮ್ಯಾಲಿಟ್ಕೊಂಡು. ನಿಮ್ಮೂರಿಗೇ ಹೊಂಟಾರ ಅಂದ್ಕೊಂಡೆ" ಎಂದನಂತೆ. ನಮ್ಮವರು ಅದನ್ನು ಊಟ ಮಾಡುತ್ತಾ ಸಹಜವಾಗಿ ಹೇಳಿದರು. ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಒಡೆದ ಒಡ್ಡು ಕಟ್ಟಲು ಬಿಳಿ ಅಂಗಿ ಹಾಕಿಕೊಂಡು ಹುಬ್ಬಳ್ಳಿಗೆ ಹೋಗಿದ್ದೆಯಾ? ಆ ಚೀಲದಲ್ಲಿ ಏನಿತ್ತು? ಯಾರಿಗೆ ಒಯ್ದೆ?

ಇನ್ನೊಂದು ಕೇಳುತ್ತೇನೆ. ಊದಿನಕಡ್ಡಿ ತುದಿಯಷ್ಟು ಎಲುಬು, ಗಾಜಿನ ಪಟ್ಟಿ, ಚಮಚೆ. ಎತ್ತಿಗೆ ಕಾಲುಬಾಯಿ ಬೇನೆ ಬಂದರೆ ಯಾವ ಔಷಧ ಎಂದು ನೀನು ಬರೆದಿದ್ದರೆ ನಂಬುತ್ತಿದ್ದೆ. ಇದೆಲ್ಲ ನಿನಗೆ ಯಾರು ಹೇಳಿದರು? ನಾನು ಹೋದ ದವಾಖಾನೆಯ ಡಾಕ್ಟರ್ ಕೂಡ ಇಷ್ಟು ಬಿಡಿಸಿ ಹೇಳಲಿಲ್ಲ. ನನಗಿಂತ ಮೊದಲೇ ಅವರು ನಿನ್ನ ಹತ್ತಿರ ಮಾತಾಡಿದ್ದಾರೆಯೇ?

ವೈನಿ ಯಾಕೆ ಎದ್ದು ಒಳಗೆ ಹೋದಳು, ಅದನ್ನೂ ಬರೆ.

ಶಿವಗಂಗವ್ವ


ತಂಬೂರ
23 ಆಗಸ್ಟ್ 2025

ತಂಗಿಗೆ,

ನೀನು ಪೊಲೀಸ್ ಇಲಾಖೆ ಸೇರಬೇಕಿತ್ತು.

ಹುಬ್ಬಳ್ಳಿಗೆ ಗೋವಿನಜೋಳದ ಔಷಧ ತರಲು ಹೋಗಿದ್ದೆ, ಚೀಲದಲ್ಲಿ ಅದೇ ಇತ್ತು. ದಾನೇಶ್ವರಿ ಒಲೆಯ ಮೇಲೆ ಹಾಲು ಇಟ್ಟಿದ್ದಳು, ಅದಕ್ಕೆ ಎದ್ದು ಹೋದಳು.

ಪರೀಕ್ಷೆಯ ವಿಷಯ ನನಗೆ ಹೇಳಿದವನು ಕಲಘಟಗಿಯಲ್ಲಿ ಬೀಜದ ಅಂಗಡಿ ಇಟ್ಟಿರುವ ನಮ್ಮ ಜಾಕೀರ್. ಅವನಿಗೆ ಅದೇ ದವಾಖಾನೆಯಲ್ಲಿ ಮಾಡಿದ್ದರು. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ನೆನಪಿನಲ್ಲಿ ಇಟ್ಟುಕೋ. ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ.

ಮೊದಲು ಒಂದು ಕಾಗದಕ್ಕೆ ಸಹಿ ಕೇಳುತ್ತಾರೆ. ಓದಿ ಹೇಳಿಸಿಕೊಂಡು ಮಾಡು, ಅದರಲ್ಲಿ ಮೋಸವಿಲ್ಲ. ಕೊರಳಲ್ಲಿಯ ಲಿಂಗ ತೆಗೆ ಎನ್ನುವುದಿಲ್ಲ, ಮುಂದೆ ಸರಿಸಿ ಕೈಯಲ್ಲಿ ಹಿಡಿದುಕೋ. ಮಂಚದ ಮೇಲೆ ಎಡಮಗ್ಗುಲಾಗಿ, ಮೊಳಕಾಲು ಹೊಟ್ಟೆಗೆ ಎಳೆದುಕೊಂಡು ಮಲಗಿಸುತ್ತಾರೆ. ಬೆನ್ನಿನ ಕೆಳಗೆ ತಣ್ಣನೆಯ ಕಂದು ಔಷಧ ಹಚ್ಚುತ್ತಾರೆ. ಆಮೇಲೆ ಜೋಮು ಹಿಡಿಸುವ ಸಣ್ಣ ಸೂಜಿ, ಅದು ಉರಿಯುತ್ತದೆ. ಉರಿ ಇಳಿದ ಮೇಲೆ ಎಲುಬಿನ ಸೂಜಿ. ಅದು ಚೀಲ ಹೊಲಿಯುವ ದಬ್ಬಣಕ್ಕಿಂತ ದಪ್ಪ, ಒಳಗೆ ಟೊಳ್ಳು, ಮೇಲೆ ಹಿಡಿಕೆ. ಬಡಿಗೇರನು ಬೈರಿಗೆ ತಿರುಗಿಸುವ ಹಾಗೆ ಮಣಿಕಟ್ಟಿನಿಂದ ತಿರುಗಿಸುತ್ತಾ ಒತ್ತುತ್ತಾರೆ. ಒತ್ತುವುದು ತಿಳಿಯುತ್ತದೆ, ನೋವು ಅಷ್ಟಿಲ್ಲ. ಆದರೆ ಮಜ್ಜೆ ಎಳೆಯುವಾಗ ಒಂದು ಸೆಳೆತ ಸೊಂಟದಿಂದ ಮೊಳಕಾಲಿನವರೆಗೂ ಓಡುತ್ತದೆ. ಅದಕ್ಕೆ ಯಾವ ಜೋಮೂ ನಾಟುವುದಿಲ್ಲ. ಆಗ ಬಿಸಿ ಚಹಾ ಊದಿದ ಹಾಗೆ ಬಾಯಿಂದ ಗಾಳಿ ಬಿಡು, ಅಷ್ಟರಲ್ಲಿ ಮುಗಿದಿರುತ್ತದೆ. ಸೂಜಿಗಳನ್ನು ಜೋಡಿಸಿಟ್ಟ ತಟ್ಟೆಯ ಕಡೆ ಮಾತ್ರ ನೋಡಬೇಡ. ಗೋಡೆಯ ಕಡೆ ನೋಡುತ್ತಿರು. ಅಲ್ಲಿ ಬಣ್ಣ ಕಿತ್ತ ಜಾಗವೊಂದು ಎತ್ತಿನ ತಲೆಯ ಹಾಗೆ ಕಾಣುತ್ತದೆ, ಒಂದೇ ಕೋಡು. ಇನ್ನೊಂದು ಎಲ್ಲಿ ಹೋಯಿತು ಎಂದು ಹುಡುಕುತ್ತಾ ಮಲಗು.

ಮುಗಿದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು, ಪಟ್ಟಿ ಹಾಕಿ, ಸ್ವಲ್ಪ ಹೊತ್ತು ಅಂಗಾತ ಮಲಗಿಸುತ್ತಾರೆ. ಅದೇ ದಿನ ಮನೆಗೆ ಬರಬಹುದು. ಮರುದಿನದವರೆಗೆ ಪಟ್ಟಿ ನೆನೆಸಬಾರದು, ಭಾರ ಎತ್ತಬಾರದು. ಬೈಕ್ ಮೇಲಂತೂ ಕೂರಬೇಡ, ತಗ್ಗು ಬಂದಾಗೊಮ್ಮೆ ಜೀವ ಹೋಗುತ್ತದೆ.

ದಯವಿಟ್ಟು ಹೋಗಿ ಬಾ.

ಅಣ್ಣ


ಮೊರಬ
3 ಸೆಪ್ಟೆಂಬರ್ 2025

ಕುಬೇರಪ್ಪನವರಿಗೆ,

ಇನ್ನು ಅಣ್ಣ ಎಂದು ಬರೆಯುವುದೋ ಬೇಡವೋ, ಈ ಪತ್ರಕ್ಕೆ ನೀನು ಉತ್ತರ ಕೊಟ್ಟ ಮೇಲೆ ನೋಡುತ್ತೇನೆ.

ಜಾಕೀರನ ಹೆಂಡತಿ ಜರೀನಾಬಿಯ ತವರು ಮೊರಬ ಎನ್ನುವುದನ್ನು ಮರೆತೆಯಾ? ಮೊನ್ನೆ ತನ್ನ ತಾಯಿಯನ್ನು ನೋಡಲು ಬಂದಿದ್ದಳು. ನಾನು ಸುಮ್ಮನೆ, "ಮನೆಯವರ ಸೊಂಟದ ನೋವು ಹೆಂಗೈತಿ?" ಎಂದೆ. ಅವಳು ಬಾಯಿ ತೆರೆದು ನನ್ನನ್ನೇ ನೋಡಿದಳು. "ಯಾವ ನೋವು ಬೇ? ನಮ್ಮವರಿಗೆ ಸೂಜಿ ಕಂಡ್ರ ಬೆವರು ಬಿಡತೈತಿ. ಕಾಲಾಗ ಮುಳ್ಳು ಮುರಿದ್ರೂ ದವಾಖಾನಿ ಕಡೆ ಹೋಗಂಗಿಲ್ಲ, ಎಲುಬು ಯಾರಿಗೆ ತೋರಿಸ್ತಾರ?" ಎಂದು ನಕ್ಕಳು. ನಾನೂ ಅವಳ ಜೊತೆ ನಕ್ಕೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಸುಳ್ಳು ಹೇಳಿದ್ದೀ. ಯಾಕೆ ಹೇಳಿದೆ ಎನ್ನುವುದೂ ನನಗೆ ಈಗ ಗೊತ್ತಾಗಿದೆ. ಹೋದ ವಾರ ಪರೀಕ್ಷೆಗೆ ರಕ್ತ ಕೊಡಲು ಮತ್ತೆ ಆ ದವಾಖಾನೆಗೆ ಹೋಗಿದ್ದೆವು. ಬೆಂಚಿನ ಮೇಲೆ ಕುಂದಗೋಳದ ಸಾಧಿಕ್ ಎನ್ನುವವನು ಕುಳಿತಿದ್ದ. ಅವನ ತಮ್ಮನಿಗೆ ರಕ್ತದ ರೋಗವಂತೆ. "ಅಕ್ಕಾರ, ನಂದು ಅವಂಗ ಕೂಡೈತ್ರಿ. ಒಡಹುಟ್ಟಿದವರದು ಕೂಡತೈತಿ, ಹೊರಗಿನವರದು ಸಿಗೂದು ಭಾಳ ಕಷ್ಟ. ಬ್ಯಾರೆ ಊರಿಗೆ ಒಯ್ದು ನನ್ನ ಮಜ್ಜಿ ತಗದು ಅವಂಗ ಹಾಕ್ತಾರಂತ" ಎಂದ. ಆಗ ನನ್ನ ಮುಂದೆ ಎಲ್ಲ ಬಿಚ್ಚಿಕೊಂಡಿತು. ಪಂಚಮಿಗೆ ಕರೆಯದವನು, ಫೋನ್ ಎತ್ತದವನು, ನನ್ನ ಎಲುಬಿನ ಮಾತು ಬಂದ ಕೂಡಲೇ ಪುಟಗಟ್ಟಲೆ ಬರೆಯುತ್ತಾನೆ. ಹೋಗು, ಮಾಡಿಸು, ಹೆದರಬೇಡ, ಸಹಿ ಮಾಡು, ಮೋಸವಿಲ್ಲ. ಯಾರಿಗೆ ಬೇಕಾಗಿದೆ ನನ್ನ ಮಜ್ಜೆ? ವೈನಿಯ ತವರಿನವರಿಗೋ? ಅದಕ್ಕೇ ಅವಳು ಎದ್ದು ಒಳಗೆ ಹೋದಳೋ? ಅವಳು ಹಾಲಿನ ನೆಪ ಹೇಳುತ್ತಾಳೆ, ನೀನು ಔಷಧದ ನೆಪ ಹೇಳುತ್ತೀ.

ನಿನಗೇ ಬೇಕಾಗಿದ್ದರೂ ಹೀಗೆ ಹಿಂದಿನಿಂದ ಬಂದು ತಿವಿದು ತೆಗೆದುಕೊಳ್ಳುವ ಬದಲು ಎದುರಿಗೆ ಬಂದು ಕೇಳಬೇಕಿತ್ತು. ನಾನೇನು ಸಂತೆಯಲ್ಲಿ ಇಟ್ಟ ಚೀಲವಲ್ಲ.

ಪರೀಕ್ಷೆ ಮಾಡಿಸುವುದಿಲ್ಲ. ಇದು ಕಡೆಯ ಮಾತು.

ಶಿವಗಂಗವ್ವ


ಮೊರಬ
21 ಸೆಪ್ಟೆಂಬರ್ 2025

ಅಣ್ಣಾ,

ಉತ್ತರ ಬರಲಿಲ್ಲ. ಬೈದಾದರೂ ಬರೆಯುತ್ತೀ ಎಂದುಕೊಂಡಿದ್ದೆ. ವೈನಿಯ ಫೋನ್ ಬಂದ್ ಇದೆ.

ನಿನ್ನೆ ಹೊಲದಲ್ಲಿ ಬಿದ್ದೆ. ಮೆಣಸಿನ ಗಿಡಗಳ ನಡುವೆ ಕಣ್ಣು ಕತ್ತಲೆಯಾಯಿತು. ಎದ್ದಾಗ ನಮ್ಮವರ ತೊಡೆಯ ಮೇಲೆ ತಲೆ ಇತ್ತು, ಅವರು ಅಳುತ್ತಿದ್ದರು. ಎಂದೂ ಜೋರು ಮಾತಾಡದ ಮನುಷ್ಯ, "ನೀ ಸೋಮವಾರ ಬರಂಗಿದ್ರ ಬಾ, ಇಲ್ಲಾಂದ್ರ ಹೊತ್ಕೊಂಡು ಒಯ್ತೀನಿ" ಎಂದರು. ದಣಿವು ಸ್ವಲ್ಪ ಎಂದು ನಿನಗೆ ಬರೆದದ್ದು ಖರೆ ಅಲ್ಲ. ಬಹಳ ದಿನದಿಂದ ಕೊಡ ಎತ್ತಲು ಆಗುತ್ತಿಲ್ಲ.

ನಾಳೆ ಹೋಗುತ್ತೇವೆ. ನಿನ್ನ ಮಾತಿಗೆ ಹೋಗುತ್ತಿದ್ದೇನೆ ಎಂದು ತಿಳಿಯಬೇಡ.

ಶಿವಗಂಗವ್ವ


ಮೊರಬ
25 ಸೆಪ್ಟೆಂಬರ್ 2025

ಅಣ್ಣಾ,

ಮಾಡಿಸಿಕೊಂಡು ಬಂದೆ. ಮಗ್ಗುಲಾಗಿ ಕುಳಿತು ಬರೆಯುತ್ತಿದ್ದೇನೆ, ಸೊಂಟ ಇನ್ನೂ ಮಿಡಿಯುತ್ತದೆ.

ಮೊದಲ ಹೆಜ್ಜೆಯಿಂದಲೂ ದವಾಖಾನೆಯವರ ಮೇಲೆ ಕಣ್ಣಿಟ್ಟೇ ಇದ್ದೆ. ಕಾಗದ ಓದಿ ಹೇಳಿ ಎಂದೆ, ಡಾಕ್ಟರಮ್ಮ ಓದಿ ಹೇಳಿದಳು. ತೆಗೆದದ್ದನ್ನು ಎಲ್ಲಿಗೆ ಒಯ್ಯುತ್ತೀರಿ ಎಂದೆ, "ಇಲ್ಲೇ ಬಾಜೂ ಕೋಲಿಗ್ರಿ, ನಿಮ್ಮವರನ್ನ ಬಾಗಿಲಾಗ ನಿಲ್ಲಸ್ರಿ ಬೇಕಾದ್ರ" ಎಂದಳು. ನಮ್ಮವರು ನಿಜವಾಗಿಯೂ ಹೋಗಿ ಎರಡೂ ಕೋಣೆ ಕಾಣುವ ಹಾಗೆ ಬಾಗಿಲಲ್ಲಿ ನಿಂತರು. ಲಿಂಗ ತೆಗೆ ಎನ್ನಲಿಲ್ಲ. ತಣ್ಣನೆಯ ಔಷಧ, ಉರಿ, ಆಮೇಲೆ ಬೈರಿಗೆ. ಎಲ್ಲ ನೀನು ಬರೆದ ಸಾಲಿನಂತೆಯೇ ಬಂತು. ಬರಬರುತ್ತಾ ನನ್ನ ಸಿಟ್ಟೂ ಹೆಚ್ಚಾಯಿತು. ಇಷ್ಟು ಚೆನ್ನಾಗಿ ಇವನಿಗೆ ಯಾರು ಕಲಿಸಿದರು, ಇವರೆಲ್ಲ ಸೇರಿ ನನಗೆ ಏನು ಮಾಡುತ್ತಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಮಜ್ಜೆ ಎಳೆದರು. ಮೊಳಕಾಲಿನವರೆಗೆ ಸೆಳೆಯಿತು. ಚಹಾ ಊದಿದ ಹಾಗೆ ಊದುತ್ತಾ ಕಣ್ಣು ತೆರೆದೆ. ಗೋಡೆಯ ಮೇಲೆ ಎತ್ತು ಇತ್ತು, ಅಣ್ಣಾ. ಒಂದೇ ಕೋಡು. ಇನ್ನೊಂದು ಕೋಡು ಇರಬೇಕಾದಲ್ಲಿ ಬಣ್ಣ ಹಾಗೇ ಉಳಿದಿತ್ತು.

ಆ ಎತ್ತು ಬಾಗಿಲಲ್ಲಿ ನಿಂತವರಿಗೆ ಕಾಣುವುದಿಲ್ಲ. ಎದ್ದ ಮೇಲೆ ನಾನೇ ಬಾಗಿಲಿಗೆ ಹೋಗಿ ನೋಡಿದೆ, ಮಂಚಕ್ಕೆ ಮರೆಯಾಗುತ್ತದೆ. ನಿಂತ ಡಾಕ್ಟರಿಗೂ ಅದು ಎತ್ತಲ್ಲ, ಕಿತ್ತ ಬಣ್ಣ ಅಷ್ಟೇ. ಆ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿ ಎಲುಬು ಕೊಟ್ಟವರಿಗೆ ಮಾತ್ರ ಅದು ಕಾಣುತ್ತದೆ.

"ಅಳಬ್ಯಾಡ್ರಿ, ಮುಗೀತು" ಎಂದಳು ಡಾಕ್ಟರಮ್ಮ. ನಾನು ನೋವಿಗೆ ಅಳುತ್ತಿರಲಿಲ್ಲ.

ನೀನು ಯಾವಾಗ ಅಲ್ಲಿ ಮಲಗಿದ್ದೆ? ನಿನ್ನ ಜೊತೆ ಯಾರು ಬಂದಿದ್ದರು? ನಿನಗೆ ಏನಾಗಿದೆ? ಈ ಸಲ ಒಂದೇ ಉತ್ತರ ಬರೆ, ಖರೆ ಇರುವುದನ್ನು ಬರೆ.

ನಿನ್ನ ತಂಗಿ
ಗಂಗವ್ವ


ತಂಬೂರ
1 ಅಕ್ಟೋಬರ್ 2025

ತಂಗೆವ್ವಾ,

ಜುಲೈಯಲ್ಲಿ ಮಲಗಿದ್ದೆ. ದಾನೇಶ್ವರಿ ಬಂದಿದ್ದಳು. ಒಸಡಿನ ರಕ್ತ ನಿಲ್ಲುತ್ತಿರಲಿಲ್ಲ, ಮೈಯೆಲ್ಲ ನೀಲಿ ಕಲೆ. ಎಲುಬಿನೊಳಗೆ ರಕ್ತ ಹುಟ್ಟುವ ಜಾಗವೇ ಬರಿದಾಗುತ್ತಾ ಬಂದಿದೆಯಂತೆ. ಈಗ ಹೊರಗಿನಿಂದ ರಕ್ತ ಹಾಕುತ್ತಿದ್ದಾರೆ. ನೀನು ಫೋನ್ ಮಾಡಿದಾಗ ಎಷ್ಟೋ ಸಲ ನಾನು ದವಾಖಾನೆಯಲ್ಲೇ ಇದ್ದೆ. ದಾನೇಶ್ವರಿಗೆ ಸುಳ್ಳು ಹೇಳಲು ನಾನೇ ಹೇಳಿದ್ದೆ, ಅವಳನ್ನು ಬೈಯಬೇಡ. ಕಡೆಗೆ ಹೇಳಲಾರದೆ ಅವಳು ಫೋನೇ ಬಂದ್ ಮಾಡಿಟ್ಟಳು.

ನೀನು ಬೈದು ಬರೆದದ್ದು ಸರಿಯಿದೆ. ಮಜ್ಜೆ ಬೇಕಾಗಿರುವುದು ನನಗೇ. ಗುಣವಾಗಬೇಕಾದರೆ ಹೊಂದುವ ಮಜ್ಜೆ ಹಾಕಬೇಕು ಎಂದರು. "ಒಡಹುಟ್ಟಿದವರು ಯಾರಾರ ಅದಾರೇನ್ರಿ?" ಎಂದು ಕೇಳಿದರು. ಒಬ್ಬಳೇ ತಂಗಿ ಎಂದೆ. "ಕರ್ಕೊಂಡು ಬರ್ರಿ" ಎಂದರು.

ಪಂಚಮಿ ಹತ್ತಿರ ಬಂದಿತ್ತು. ಹೇಗೂ ಕರೆಯಲು ಹೋಗುತ್ತೇನೆ, ಆಗಲೇ ಕೇಳಿದರಾಯಿತು ಎಂದುಕೊಂಡೆ. ನಿನಗೆ ಇಳಕಲ್ಲ ಸೀರೆ ತಂದೆ, ಹಸಿರು ಒಡಲು, ಕೆಂಪು ದಡಿ. ದಾನೇಶ್ವರಿ ಶೇಂಗಾ ಉಂಡಿ ಕಟ್ಟಿಕೊಟ್ಟಳು. ಚೀಲದಲ್ಲಿ ಇದ್ದದ್ದು ಅದೇ. ಹುಬ್ಬಳ್ಳಿಯಲ್ಲಿ ಇಳಿದು ಮೊರಬದ ಬಸ್ಸಿಗೆ ಕಾಯುತ್ತಾ ಕುಳಿತಾಗ ಯೋಚನೆ ಬಂತು. ಪಂಚಮಿಗೆ ಅಣ್ಣನಾದವನು ಕೊಡಲು ಹೋಗುತ್ತಾನೆ. ನಾನು ಸೀರೆ ಉಡಿಸಿ, ಉಂಡಿ ತಿನ್ನಿಸಿ, ಜೋಕಾಲಿ ತೂಗಿ, ಆಮೇಲೆ ನಿನ್ನ ಎಲುಬಿನೊಳಗಿನದು ಕೊಡು ಎಂದು ಕೈಚಾಚಲೇ? ಹಾಗೆ ಕೇಳಿದರೆ ಆ ಸೀರೆ ಮುಂಗಡ ಕೊಟ್ಟ ಹಾಗಾಗುತ್ತದೆ. ಮೊರಬದ ಬಸ್ಸು ಬಂತು, ಹೋಯಿತು. ಇನ್ನೊಂದೂ ಬಂದು ಹೋಯಿತು. ನಾನು ಊರಿಗೆ ವಾಪಸ್ ಹೋಗಲು ಕಲಘಟಗಿಯ ಬಸ್ಸು ಹತ್ತಿದೆ.

ಆಮೇಲೆ ನಿನ್ನ ಮೊದಲ ಪತ್ರ ಬಂತು. ನಿನಗೂ ಅದೇ ಪರೀಕ್ಷೆ ಎಂದು ಅದರಲ್ಲಿ ಬರೆದಿತ್ತು. ಅವತ್ತು ದಾನೇಶ್ವರಿ ಒಳಗೆ ಹೋಗಿ ಅತ್ತದ್ದು ಅದಕ್ಕೆ. ಮಾಡಿಸು ಎಂದು ಬರೆದದ್ದು ನಿನ್ನ ಸಲುವಾಗಿಯೇ. ಆದರೆ ನೀನು ಸೆಪ್ಟೆಂಬರಿನಲ್ಲಿ ಹಾಗೆ ಬರೆದ ಮೇಲೆ ನನ್ನನ್ನು ನಾನೇ ಕೇಳಿಕೊಂಡೆ. ನಿನ್ನ ಎಲುಬು ನೆಟ್ಟಗಿದೆ ಎಂದು ಬಂದರೆ ನನಗೂ ದಾರಿಯಾದೀತು ಎಂಬ ಆಸೆ ಎಲ್ಲೋ ಒಂದು ಕಡೆ ಇತ್ತು, ಗಂಗವ್ವಾ. ಇಲ್ಲ ಎನ್ನಲಾರೆ. ಆ ನಾಚಿಕೆಗೆ ಉತ್ತರ ಬರೆಯಲಾಗಲಿಲ್ಲ.

ನೀನು ಬರಬೇಡ. ತಂಗಿಯ ಕೈಗೆ ಏನೂ ಕೊಡದೆ ನಾನು ಅವಳಿಂದ ತೆಗೆದುಕೊಳ್ಳಲಾರೆ. ನಿನ್ನ ವರದಿ ಏನು ಬಂತು, ಅಷ್ಟು ಬರೆ ಸಾಕು.

ಅಣ್ಣ
ಕುಬೇರಪ್ಪ


ಮೊರಬ
13 ಅಕ್ಟೋಬರ್ 2025

ಅಣ್ಣಾ, ಶರಣು. ಇದು ಮನಸ್ಸಿನಿಂದ ಹೇಳಿದ್ದು.

ನಿನ್ನ ಪತ್ರವನ್ನು ಎರಡು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಆಮೇಲೆ ನಮ್ಮವರಿಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ಎತ್ತಿಗೆ ಮೇವು ಹಾಕಿ ಬಂದರು. ಮೇವು ಆಗಲೇ ಹಾಕಿ ಆಗಿತ್ತು.

ವರದಿ ಬಂತು. "ನಿಮ್ಮ ಎಲುಬು ಚೊಲೊ ಐತ್ರಿ" ಎಂದಳು ಡಾಕ್ಟರಮ್ಮ. "ಬಿ ಹನ್ನೆರಡು ಅಂತ ಒಂದು ಜೀವಸತ್ವ ಪೂರಾ ಕಡಿಮಿ ಆಗೈತಿ. ಅದಿಲ್ಲದ ರಕ್ತ ಅರೆಬರೆ ಹುಟ್ಟಾಕ ಹತ್ತೈತಿ, ಕೈ ಜುಮ್ಮ ಅನ್ನೂದೂ ಅದಕ್ಕ." ಅದಕ್ಕೆ ಕೆಂಪು ಔಷಧದ ಸೂಜಿ ಹಾಕುತ್ತಿದ್ದಾರೆ. ಈ ಪತ್ರದ ಅಕ್ಷರ ನೋಡು. ಇನ್ನೂ ಮಾಸ್ತರರಿಗೆ ತೋರಿಸುವ ಹಾಗಿಲ್ಲ, ಆದರೆ ಸಾಲಿನ ಮೇಲೆ ನಿಂತಿವೆ.

ನಿನ್ನ ಹೆಸರು ಹೇಳಿದೆ, ಡಾಕ್ಟರಮ್ಮನಿಗೆ ನೆನಪಿತ್ತು. "ಅವರ ತಂಗೇನ್ರಿ ನೀವು? ಕರ್ಕೊಂಡು ಬರ್ರಿ ಅಂದು ಎಷ್ಟ ದಿನಾ ಆತು!" ಎಂದು ನನ್ನನ್ನೇ ಬೈದಳು. ನಿನ್ನ ಸಲುವಾಗಿ ಬೈಗುಳ ತಿಂದೆ, ಅದನ್ನೂ ಲೆಕ್ಕಕ್ಕೆ ಹಿಡಿ. ಒಡಹುಟ್ಟಿದವರಾದರೂ ಹೊಂದುವುದು ನಾಲ್ವರಲ್ಲಿ ಒಬ್ಬರದ್ದೇ ಅಂತೆ. ಹೊಂದಿದರೆ ನನ್ನ ರಕ್ತ ನೆಟ್ಟಗಾಗುವವರೆಗೆ ಕಾಯಬೇಕು, ಆಮೇಲೆ ಬೇರೆ ಊರಿನ ದವಾಖಾನೆಗೆ ಹೋಗಬೇಕು. ಹೊಂದುತ್ತದೋ ಇಲ್ಲವೋ ನೋಡಲು ಮೊನ್ನೆಯೇ ರಕ್ತ ಕೊಟ್ಟು ಬಂದೆ. ಸೂಜಿ ಹಿಡಿದವನು "ಮಾದರಿಗೆ ಒಂದೀಟ ರೀ" ಎಂದ. "ಎಷ್ಟ ಬೇಕೋ ಅಷ್ಟ ಎಳಕೋಪಾ" ಎಂದೆ. ನಮ್ಮವರು ಮುಖ ತಿರುಗಿಸಿ ನಕ್ಕರು.

ನೀನು ಆಸೆಪಟ್ಟದ್ದಕ್ಕೆ ನಾಚಿಕೆಪಡಬೇಡ. ನಾನಾಗಿದ್ದರೆ ಪಂಚಮಿಯವರೆಗೆ ಕಾಯುತ್ತಲೇ ಇರಲಿಲ್ಲ, ಬಂದು ನಿನ್ನ ಕಟ್ಟೆಯ ಮೇಲೆ ಕುಳಿತು ಬಾಯಿ ಮಾಡುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ಕುಳಿತು ನನ್ನ ಮನಸ್ಸನ್ನು ನೀನೇ ಅಳೆದು ವಾಪಸ್ ಹೋದೆಯಲ್ಲ, ಆ ಸಿಟ್ಟು ಮಾತ್ರ ಹೋಗಿಲ್ಲ. ನಾನು ನಿನ್ನ ಮೇಲೆ ಪಟ್ಟ ಸಂಶಯಕ್ಕೆ ಅದು ಸರಿಹೋಯಿತು ಎಂದುಕೊಳ್ಳೋಣ. ವೈನಿಯ ತವರಿನ ಮಾತು ಬರೆದಿದ್ದೆನಲ್ಲ, ಅದನ್ನು ಅವಳಿಗೆ ಓದಿ ಹೇಳಿದ್ದೀಯಾ? ಹೇಳಿದ್ದರೆ ನಾನೇ ಬಂದು ಅವಳ ಕೈ ಹಿಡಿಯುತ್ತೇನೆ. ಹೇಳಿರದಿದ್ದರೆ ಆ ಪತ್ರ ಒಲೆಗೆ ಹಾಕು.

ಬರುವ ಸೋಮವಾರ ನಾವಿಬ್ಬರೂ ತಂಬೂರಿಗೆ ಬರುತ್ತೇವೆ. ಈ ಸಲ ಕರೆಯಲು ಬರುವವಳು ನಾನು. ಚೀಲ ಕಟ್ಟಿ, ತಲೆ ಬಾಚಿಕೊಂಡು, ಕಟ್ಟೆಯ ಮೇಲೆ ಕುಳಿತಿರು. ನಿನ್ನ ಓಣಿಯ ಮಂದಿ ನೋಡಲಿ. ಅಲ್ಲಿಂದ ಹುಬ್ಬಳ್ಳಿಗೆ ಹೋಗೋಣ, ವರದಿಯನ್ನು ಇಬ್ಬರೂ ಕೂಡಿ ಕೇಳೋಣ. ನಿನಗೆ ರಕ್ತ ಹಾಕುವ ದಿನ ಬಾಜೂ ಕುಳಿತುಕೊಳ್ಳಲು ಇನ್ನು ಮೇಲೆ ನಾನೂ ಬರುತ್ತೇನೆ.

ತಂಗಿಯ ಕೈಗೆ ಏನೂ ಕೊಡದೆ ಅವಳಿಂದ ತೆಗೆದುಕೊಳ್ಳಲಾರೆ ಎಂದು ಬರೆದಿದ್ದೀ. ಹಾಗಾದರೆ ಆ ಇಳಕಲ್ಲ ಸೀರೆ ಹೊರಗೆ ತೆಗೆದಿಡು. ಬಂದ ಕೂಡಲೇ ಮೊದಲು ಅದನ್ನು ಕೊಡು, ಉಟ್ಟುಕೊಂಡೇ ದವಾಖಾನೆಗೆ ಬರುತ್ತೇನೆ. ಉಂಡಿ ಯಾರು ತಿಂದರು ಎಂದು ಕೇಳುವುದಿಲ್ಲ.

ಮತ್ತೆ ಇದನ್ನೂ ಬರೆದೇ ಕೊಡುತ್ತೇನೆ, ಇಟ್ಟುಕೋ. ನನ್ನ ರಕ್ತ ನಿನಗೆ ಹೊಂದಲಿಲ್ಲ ಎಂದು ವರದಿ ಬಂದರೂ ಸೀರೆ ವಾಪಸ್ ಕೊಡುವುದಿಲ್ಲ.

ನಿನ್ನ ತಂಗಿ
ಗಂಗವ್ವ